ಕುತ್ತಿಗೆಯಲ್ಲಿ ಗಂಟು: ಮುಂಬಯಿ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಕುತ್ತಿಗೆಯ ಗಂಟು ಸಾಮಾನ್ಯವಾಗಿ ಗಡ್ಡ ಹೆರೆಯುವಾಗಲೋ ಸರ ಸರಿಪಡಿಸಿಕೊಳ್ಳುವಾಗಲೋ ಆಕಸ್ಮಿಕವಾಗಿ ಕೈಗೆ ಸಿಗುತ್ತದೆ. ಅಲ್ಲಿಂದ ಸರಿಯಾದ ಡಾಕ್ಟರ ಬಳಿ ಹೋಗುವುದರೊಳಗೆ ಕೆಲವರು ತಿಂಗಳುಗಟ್ಟಲೆ ಕಳೆಯುತ್ತಾರೆ, ನಡುವೆ ನಾಲ್ಕು ಬಗೆಯ ಮಾತ್ರೆಯನ್ನೂ ನುಂಗಿರುತ್ತಾರೆ. ಕೆಳಗಿನ ಉತ್ತರಗಳ ಧೋರಣೆಯನ್ನು ಮೊದಲೇ ಹೇಳಿಬಿಡುತ್ತೇವೆ: ಗಂಟು ಏನೆಂದು ಗೊತ್ತಾಗುವ ತನಕ ಅದಕ್ಕೆ ಔಷಧವೂ ಬೇಡ, ಕತ್ತರಿಯೂ ಬೇಡ.

ಎಷ್ಟು ದಿನ ಕಾದು ನೋಡಬಹುದು?

ಶೀತ, ಗಂಟಲುನೋವು, ಹಲ್ಲುನೋವು, ತಲೆಯ ಚರ್ಮದಲ್ಲಿ ಹುಣ್ಣು ಇವುಗಳ ಜೊತೆಗೆ ಬಂದ ಗಂಟಾದರೆ ಎರಡು ವಾರ ಕಾಯಬಹುದು. ಸೋಂಕು ಇಳಿದ ಹಾಗೆ ಅದೂ ಇಳಿಯಬೇಕು. ಎರಡು ವಾರ ದಾಟಿದರೂ ಇಳಿಯದಿದ್ದರೆ, ಅಥವಾ ಯಾವಾಗ ಶುರುವಾಯಿತೆಂದೇ ಗೊತ್ತಿಲ್ಲದಿದ್ದರೆ, ತೋರಿಸಲೇಬೇಕು. ಗಂಟು ಒಂದೂವರೆ ಸೆಂಟಿಮೀಟರಿಗಿಂತ ದೊಡ್ಡದಿದ್ದರೆ, ಗಟ್ಟಿಯಾಗಿದ್ದರೆ, ಬೆರಳಿನಡಿ ಜಾರದೆ ಅಂಟಿಕೊಂಡಂತಿದ್ದರೆ, ಮೇಲಿನ ಚರ್ಮ ಒಡೆದಿದ್ದರೆ ಎರಡು ವಾರವೂ ಕಾಯಬೇಡಿ.

ನಲವತ್ತು ದಾಟಿದವರು, ಅದರಲ್ಲೂ ತಂಬಾಕು ಹಾಕಿದ ಎಲೆಅಡಿಕೆ, ಗುಟ್ಕಾ, ಮಾವಾ, ಹಲ್ಲಿಗೆ ತಿಕ್ಕುವ ಮಿಶ್ರಿ, ಬೀಡಿ, ಮದ್ಯ ಇವುಗಳಲ್ಲಿ ಯಾವುದಾದರೂ ಅಭ್ಯಾಸವಿರುವವರು ಇಳಿಯದ ಗಂಟನ್ನು ಕ್ಯಾನ್ಸರ್ ಅಲ್ಲವೆಂದು ಸಾಬೀತಾಗುವ ತನಕ ಅನುಮಾನದಿಂದಲೇ ನೋಡಬೇಕು. ಹೆದರಿಸಲು ಹೇಳುವ ಮಾತಲ್ಲ ಇದು. ಡಾಕ್ಟರುಗಳು ಯೋಚಿಸುವ ಕ್ರಮವೇ ಹೀಗೆ.

ನೋವೇ ಇಲ್ಲ. ಹಾಗಾದರೆ ಭಯವಿಲ್ಲ ಅಲ್ಲವೇ?

ಹೆಚ್ಚುಕಡಿಮೆ ತಲೆಕೆಳಗಾದ ಲೆಕ್ಕ ಇದು. ಬೇಗ ಊದಿ, ಕೆಂಪಾಗಿ, ಮುಟ್ಟಿದರೆ ನೋಯುವ ಗಂಟು ಸಾಮಾನ್ಯವಾಗಿ ಸೋಂಕಿನದು. ಕ್ಷಯದ ಗಂಟು, ಲಿಂಫೋಮಾ (ದುಗ್ಧಗ್ರಂಥಿಯದೇ ಕ್ಯಾನ್ಸರ್), ಬಾಯಿ ಅಥವಾ ಗಂಟಲಿನ ಕ್ಯಾನ್ಸರ್ ಹರಡಿ ಬಂದ ಗಂಟು ಮೊದಮೊದಲು ನೋಯುವುದಿಲ್ಲ. ನೋವಿಲ್ಲವೆಂಬ ಕಾರಣಕ್ಕೇ ಜನ ತಡ ಮಾಡುವುದು.

ಕೈಗೆ ಸಿಕ್ಕಿದ್ದೆಲ್ಲ ಗಂಟೇ ಆಗಿರಬೇಕೆ?

ಇಲ್ಲ. ದವಡೆಯ ಕೆಳಗೆ ಎರಡೂ ಬದಿಯಲ್ಲಿ ಜೊಲ್ಲುಗ್ರಂಥಿಗಳಿವೆ, ವಯಸ್ಸಾದ ಹಾಗೆ ಅವು ಸ್ವಲ್ಪ ಜೋತುಬಿದ್ದು ಕೈಗೆ ಸಿಗುತ್ತವೆ. ಗಂಟಲಿನ ಮೇಲ್ಭಾಗದಲ್ಲಿ ಹಯಾಯ್ಡ್ ಮೂಳೆಯ ತುದಿ, ಕಿವಿಯ ಕೆಳಗೆ ಮೊದಲ ಕಶೇರುಕದ ತುದಿ, ಪಕ್ಕದಲ್ಲಿ ಮಿಡಿಯುವ ಕೆರೋಟಿಡ್ ರಕ್ತನಾಳ ಇವನ್ನೆಲ್ಲ ಗಂಟೆಂದು ತಿಳಿದು ಬರುವವರಿದ್ದಾರೆ. ಇನ್ನೊಂದು ಬದಿಯಲ್ಲೂ ಅಷ್ಟೇ ದೊಡ್ಡದು, ಅದೇ ಜಾಗದಲ್ಲಿ ಸಿಕ್ಕರೆ ಅದು ನಿಮ್ಮ ದೇಹದ್ದೇ ಭಾಗವಾಗಿರುವ ಸಾಧ್ಯತೆ ಹೆಚ್ಚು. ಅನುಮಾನವಿದ್ದರೆ ಒಂದು ಸೋನೋಗ್ರಫಿಯಲ್ಲಿ ಬಗೆಹರಿಯುತ್ತದೆ. ದಿನಕ್ಕೆ ಹತ್ತು ಸಲ ಒತ್ತಿ ನೋಡಬೇಡಿ, ಒತ್ತಿದ ಜಾಗ ತಾನಾಗಿಯೇ ನೋಯಲು ಶುರುವಾಗಿ ಇನ್ನಷ್ಟು ಗೊಂದಲವಾಗುತ್ತದೆ.

ಗಂಟು ಇರುವ ಜಾಗದಿಂದ ಏನಾದರೂ ತಿಳಿಯುತ್ತದೆಯೇ?

ಸಾಕಷ್ಟು ತಿಳಿಯುತ್ತದೆ. ಡಾಕ್ಟರು ಮೊದಲು ನೋಡುವುದೇ ಅದನ್ನು. ಕುತ್ತಿಗೆಯ ನಡುವೆ, ಎಂಜಲು ನುಂಗಿದಾಗ ಮೇಲೆ ಸರಿಯುವುದು ಥೈರಾಯ್ಡಿನದು. ಅದೇ ನಡುವಿನಲ್ಲಿದ್ದು ನಾಲಿಗೆ ಚಾಚಿದಾಗಲೂ ಮೇಲೇರಿದರೆ ಥೈರೋಗ್ಲಾಸಲ್ ಸಿಸ್ಟ್, ಅದು ಹುಟ್ಟಿನಿಂದ ಉಳಿದುಬಂದ ನಾಳದ ಗುಳ್ಳೆ. ದವಡೆಯ ಕೆಳಗಿನದು ಊಟಕ್ಕೆ ಕೂತಾಗ ಉಬ್ಬಿ ಆಮೇಲೆ ಇಳಿಯುತ್ತಿದ್ದರೆ ಜೊಲ್ಲುಗ್ರಂಥಿಯ ನಾಳದಲ್ಲಿ ಕಲ್ಲು ಸಿಕ್ಕಿರಬಹುದು. ಕಿವಿಯ ಮುಂದೆ ಅಥವಾ ಕೆಳಗೆ ವರ್ಷಗಳಿಂದ ನಿಧಾನವಾಗಿ ಬೆಳೆಯುವುದು ಪರೋಟಿಡ್ ಗ್ರಂಥಿಯ ಗೆಡ್ಡೆಯಾಗಿರಬಹುದು. ಪಕ್ಕದಲ್ಲಿ ಸಾಲಾಗಿ ಇರುವುದು ದುಗ್ಧಗ್ರಂಥಿಗಳು (ಲಿಂಫ್ ನೋಡ್), ಹೆಚ್ಚಿನ ಗಂಟುಗಳು ಇವೇ. ಪಕ್ಕದಲ್ಲೇ ಇದ್ದು ಮಿಡಿಯುತ್ತಾ, ಅಡ್ಡಕ್ಕೆ ಸರಿದರೂ ಮೇಲೆ ಕೆಳಗೆ ಸರಿಯದ ಗಂಟು ಕೆರೋಟಿಡ್ ಬಾಡಿ ಗೆಡ್ಡೆಯಾಗಿರಬಹುದು. ಅದು ರಕ್ತ ತುಂಬಿದ ಗೆಡ್ಡೆ. ಸ್ಕ್ಯಾನ್ ಆಗದೆ ಅದಕ್ಕೆ ಸೂಜಿಯನ್ನೋ ಕತ್ತರಿಯನ್ನೋ ಹಾಕಬಾರದು.

ಕಾಲರ್ ಮೂಳೆಯ ಮೇಲಿನ ಗುಳಿಯಲ್ಲಿ ಸಿಗುವ ಗಂಟನ್ನು ಯಾವ ವಯಸ್ಸಿನಲ್ಲೂ ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಶ್ವಾಸಕೋಶ, ಹೊಟ್ಟೆ ಮುಂತಾದ ಕಡೆಯ ಕಾಯಿಲೆ ಅಲ್ಲಿ ತಲೆಯೆತ್ತುವುದುಂಟು. ಎಡಬದಿಯದಾದರೆ ಜಠರದ ಕಡೆಗೂ ಗಮನ ಹೋಗುತ್ತದೆ.

ಮೊದಲು ಯಾವ ಡಾಕ್ಟರು? ಫ್ಯಾಮಿಲಿ ಡಾಕ್ಟರು ಸಾಕಲ್ಲವೇ?

ಫ್ಯಾಮಿಲಿ ಡಾಕ್ಟರಿಂದ ಶುರುಮಾಡುವುದರಲ್ಲಿ ತಪ್ಪಿಲ್ಲ, ಅಲ್ಲೇ ನಿಲ್ಲುವುದು ತಪ್ಪು. ಕುತ್ತಿಗೆಯ ಗಂಟಿಗೆ ಸರಿಯಾದ ಬಾಗಿಲು ಇಎನ್‌ಟಿ (ಕಿವಿ, ಮೂಗು, ಗಂಟಲು) ವಿಭಾಗ, ಏಕೆಂದರೆ ಗಂಟಿನ ಮೂಲ ಬಾಯಿ, ಮೂಗು, ಗಂಟಲಿನಲ್ಲಿದ್ದರೆ ಅದನ್ನು ನೋಡುವ ದುರ್ಬೀನು ಇರುವುದು ಅಲ್ಲಿ. ಪರೇಲಿನ ಕೆಇಎಂ, ಮಾಟುಂಗಾದವರಿಗೆ ಹತ್ತಿರದ ಸಯನ್ ಆಸ್ಪತ್ರೆ, ಮುಂಬಯಿ ಸೆಂಟ್ರಲಿನ ನಾಯರ್, ಪಶ್ಚಿಮ ಉಪನಗರದವರಿಗೆ ಕೂಪರ್, ಥಾಣೆ ಕಡೆಯವರಿಗೆ ಕಳವಾ ಆಸ್ಪತ್ರೆ ಎಲ್ಲವೂ ಮೆಡಿಕಲ್ ಕಾಲೇಜು ಇರುವ ಪಾಲಿಕೆ ಆಸ್ಪತ್ರೆಗಳು. ಡಾಕ್ಟರು, ಪೆಥಾಲಜಿ, ಸ್ಕ್ಯಾನ್ ಎಲ್ಲ ಒಂದೇ ಆವರಣದಲ್ಲಿ ಸಿಗುತ್ತವೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ, ಇಎನ್‌ಟಿ ಓಪಿಡಿ ಎಂದು ಬರೆಸಿ. ಕೌಂಟರಿನಲ್ಲಿ ಬರೀ ‘ಗಂಟು’ ಎಂದರೆ ಸರ್ಜರಿ ಓಪಿಡಿಗೆ ಕಳಿಸುವುದುಂಟು, ಅಲ್ಲಿಂದ ಮತ್ತೆ ಇಎನ್‌ಟಿಗೆ. ಹೋಟೆಲಿನಲ್ಲಿ ದುಡಿದು ಕಷ್ಟಪಟ್ಟು ಒಂದು ಸುಟ್ಟಿ ಪಡೆದವರ ಅರ್ಧ ದಿನ ಇದರಲ್ಲೇ ಕಳೆದುಹೋಗುತ್ತದೆ.

ನೇರವಾಗಿ ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಹೋದರೆ?

ಬಾಯಲ್ಲಿ ಆಗಲೇ ಹುಣ್ಣು ಕಾಣುತ್ತಿದ್ದರೆ, ಅಥವಾ ಸೂಜಿ ಪರೀಕ್ಷೆಯಲ್ಲಿ (ಗಂಟಿಗೆ ಸೂಜಿ ಚುಚ್ಚಿ ಕೋಶ ತೆಗೆದು ನೋಡುವುದು) ಕ್ಯಾನ್ಸರ್ ಎಂದೋ ಅನುಮಾನ ಎಂದೋ ಬಂದಿದ್ದರೆ ಹೋಗಿ. ತಡ ಮಾಡಬೇಡಿ. ಏನೂ ಪರೀಕ್ಷೆಯಾಗದ ಗಂಟನ್ನು ಹಿಡಿದು ಪರೇಲಿಗೆ ಹೋಗುವುದಕ್ಕಿಂತ ಹತ್ತಿರದಲ್ಲೇ ಸೋನೋಗ್ರಫಿ, ಸೂಜಿ ಪರೀಕ್ಷೆ ಮುಗಿಸಿಕೊಳ್ಳುವುದು ಸಾಮಾನ್ಯವಾಗಿ ಬೇಗ ಆಗುತ್ತದೆ. ಟಾಟಾದಲ್ಲಿ ನೋಂದಣಿ ಜನರಲ್, ಪ್ರೈವೇಟ್ ಎಂದು ಎರಡು ಬಗೆ, ದರ ಬೇರೆಬೇರೆ. ಹೊರಗೆ ಮಾಡಿಸಿದ ಪರೀಕ್ಷೆಯ ಬರೀ ಕಾಗದವನ್ನು ನಂಬಿ ಅಲ್ಲಿ ಚಿಕಿತ್ಸೆ ಶುರುಮಾಡುವುದಿಲ್ಲ. ಸ್ಲೈಡ್ (ಕೋಶವಿರುವ ಗಾಜು) ಮತ್ತು ಬ್ಲಾಕ್ (ಮೇಣದಲ್ಲಿ ಕೂಡಿಸಿಟ್ಟ ತುಂಡು) ತರಿಸಿ ಅವರ ಪೆಥಾಲಜಿಯವರೇ ಮತ್ತೆ ನೋಡುತ್ತಾರೆ. ಮೊದಲ ಲ್ಯಾಬಿನಿಂದ ಇವೆರಡನ್ನೂ ಕೇಳಿ ಪಡೆದುಕೊಂಡೇ ಹೋಗಿ.

ಹೋಗುವಾಗ ಏನು ಒಯ್ಯಬೇಕು, ಏನು ಹೇಳಬೇಕು?

ಆಧಾರ್, ಹಳೆಯ ರಿಪೋರ್ಟುಗಳು, ಈಗಾಗಲೇ ತೆಗೆದುಕೊಂಡ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳು. ಸ್ಟ್ರಿಪ್ ಮುಖ್ಯ, ‘ಒಂದು ಕೆಂಪು ಗುಳಿಗೆ’ ಎಂದರೆ ಯಾರಿಗೂ ಪ್ರಯೋಜನವಿಲ್ಲ. ಗಂಟು ಕಂಡ ದಿನ, ಆಮೇಲೆ ಬೆಳೆದಿದೆಯೇ ಇಳಿದಿದೆಯೇ, ಜ್ವರ, ರಾತ್ರಿ ಬಟ್ಟೆ ತೊಯ್ಯುವಷ್ಟು ಬೆವರು, ತೂಕ ಇಳಿದದ್ದು, ದನಿ ಬದಲಾದದ್ದು, ನುಂಗುವಾಗ ತೊಂದರೆ, ಒಂದೇ ಕಿವಿಯಲ್ಲಿ ನೋವು, ಮೂಗಿನಲ್ಲಿ ರಕ್ತ, ಮನೆಯಲ್ಲಿ ಅಥವಾ ಖೋಲಿಯಲ್ಲಿ ಜೊತೆಗಿರುವವರಿಗೆ ಟಿಬಿ ಇದ್ದದ್ದು ಇವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಕಿವಿನೋವು ಏಕೆಂದರೆ, ಗಂಟಲಿನ ಹಿಂಭಾಗದ ಮತ್ತು ಕಿವಿಯ ನರಗಳಿಗೆ ನಂಟಿದೆ. ಕಿವಿಯಲ್ಲಿ ಏನೂ ಇಲ್ಲದೆ ನೋವು ಬಂದರೆ ಗಂಟಲು ನೋಡಬೇಕು.

ತಂಬಾಕಿನ ವಿಷಯ ಮುಚ್ಚಿಡಬೇಡಿ. ಅಣ್ಣನೋ ಹೆಂಡತಿಯೋ ಪಕ್ಕದಲ್ಲಿದ್ದಾರೆಂದು ‘ಇಲ್ಲ’ ಎನ್ನುವವರು ಬಹಳ. ಮುಜುಗರವಾದರೆ ಅವರನ್ನು ಹೊರಗೆ ಕೂರಿಸಿ ಹೇಳಿ.

ಭಾಷೆಯ ತೊಡಕಿದ್ದರೆ ಮರಾಠಿಯಲ್ಲಿ ‘ಮಾನೇವರ್ ಗಾಠ್ ಆಹೇ’ ಎಂದರೆ ಸಾಕು. ‘ಕಿತೀ ದಿವಸಾಂಪಾಸೂನ್’ ಎಂದು ಕೇಳಿದರೆ ಎಷ್ಟು ದಿನದಿಂದ ಎಂದು. ‘ತುಕಡಾ’ ತೆಗೆಯಬೇಕು ಎಂದರೆ ಬಯಾಪ್ಸಿ, ಗಂಟಿನ ತುಂಡು ತೆಗೆದು ಪರೀಕ್ಷಿಸುವುದು.

ಗಂಟು ಕುತ್ತಿಗೆಯಲ್ಲಿ. ಬಾಯಿಗೆ, ಮೂಗಿಗೆ ನಳಿಗೆ ಏಕೆ ಹಾಕುತ್ತಾರೆ?

ದೊಡ್ಡವರಲ್ಲಿ ಕುತ್ತಿಗೆಯ ಗಂಟು ಎಷ್ಟೋ ಸಲ ಮೂಲ ಕಾಯಿಲೆಯೇ ಅಲ್ಲ, ಬೇರೆಲ್ಲೋ ಹೊತ್ತಿದ ಬೆಂಕಿಯ ಹೊಗೆ. ನಾಲಿಗೆಯ ಬುಡ, ಟಾನ್ಸಿಲ್, ಮೂಗಿನ ಹಿಂಭಾಗ, ಧ್ವನಿಪೆಟ್ಟಿಗೆಯ ಪಕ್ಕದ ಗುಳಿ ಇವು ಕನ್ನಡಿಯಲ್ಲಿ ನಿಮಗೆ ಕಾಣುವ ಜಾಗಗಳಲ್ಲ. ಡಾಕ್ಟರು ಕೈಗವಸು ಹಾಕಿ ನಾಲಿಗೆಯ ಬುಡವನ್ನು ಒತ್ತಿ ನೋಡುತ್ತಾರೆ, ಬಾಯಿ ಎಷ್ಟು ಅಗಲ ತೆರೆಯುತ್ತದೆಂದು ಅಳೆಯುತ್ತಾರೆ, ಆಮೇಲೆ ಮೂಗಿನ ಮೂಲಕ ತೆಳ್ಳಗಿನ ಬಾಗುವ ಎಂಡೋಸ್ಕೋಪ್ ಇಳಿಸುತ್ತಾರೆ. ಮರಗಟ್ಟಿಸುವ ಸ್ಪ್ರೇ ಹೊಡೆದಿರುವುದರಿಂದ ನೋವಿಲ್ಲ, ಕಣ್ಣಲ್ಲಿ ನೀರು ಬರುತ್ತದೆ, ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಮರಗಟ್ಟಿದ್ದು ಬಿಡುವ ತನಕ, ಸುಮಾರು ಒಂದು ಗಂಟೆ, ಏನನ್ನೂ ಕುಡಿಯಬೇಡಿ. ಓಪಿಡಿ ಹೊರಗೆ ಬಂದೊಡನೆ ಚಹಾ ಕುಡಿದರೆ ಅದು ಶ್ವಾಸನಾಳಕ್ಕೆ ಹೋಗಬಹುದು, ಬಾಯಿ ಸುಟ್ಟರೂ ತಿಳಿಯುವುದಿಲ್ಲ.

ಗಂಟಲನ್ನು ನೋಡದೆ, ಬಾಯಿ ತೆರೆಸದೆ ನೇರವಾಗಿ ‘ಗಂಟು ತೆಗೆದುಬಿಡೋಣ’ ಎನ್ನುವ ಡಾಕ್ಟರು ಸಿಕ್ಕರೆ ಇನ್ನೊಬ್ಬರ ಅಭಿಪ್ರಾಯ ಕೇಳಿ.

ಸೋನೋಗ್ರಫಿ, ಸಿಟಿ, ಎಲ್ಲವೂ ಬೇಕೆ?

ಸೋನೋಗ್ರಫಿ ಹೆಚ್ಚುಕಡಿಮೆ ಎಲ್ಲರಿಗೂ ಬೇಕು. ಉಪವಾಸ ಬೇಡ, ವಿಕಿರಣವಿಲ್ಲ. ಗಂಟು ಗಟ್ಟಿಯೋ ನೀರು ತುಂಬಿದ್ದೋ, ದುಗ್ಧಗ್ರಂಥಿಯ ಸಹಜ ಆಕಾರ ಉಳಿದಿದೆಯೋ, ಹಲವು ಗಂಟುಗಳು ಒಂದಕ್ಕೊಂದು ಅಂಟಿವೆಯೋ ಎಂಬುದೆಲ್ಲ ಕಾಣುತ್ತದೆ. ಒಂದು ಎಚ್ಚರ: ‘ಸಿಸ್ಟ್, ನೀರಿನ ಗುಳ್ಳೆ’ ಎಂದು ಬಂದ ಮಾತ್ರಕ್ಕೆ ನಲವತ್ತರ ಮೇಲಿನವರು ನಿಶ್ಚಿಂತರಾಗಬಾರದು. ಟಾನ್ಸಿಲ್ ಮತ್ತು ಥೈರಾಯ್ಡ್ ಕ್ಯಾನ್ಸರಿನಿಂದ ಹರಡಿದ ಗಂಟೂ ನೀರು ತುಂಬಿಕೊಂಡು ಹಾಗೇ ಕಾಣಬಹುದು.

ಸಿಟಿ ಅಥವಾ ಎಂಆರ್‌ಐ ಅಗತ್ಯ ನೋಡಿ ಬರೆಯುತ್ತಾರೆ. ಚಿತ್ರ ಸ್ಪಷ್ಟವಾಗಲೆಂದು ಕಾಂಟ್ರಾಸ್ಟ್ ಎಂಬ ದ್ರವ ಚುಚ್ಚುವ ಸಿಟಿಗೆ ಮುಂಚೆ, ಮೂತ್ರಪಿಂಡ ಸರಿಯಿದೆಯೇ ಎಂದು ತಿಳಿಯಲು ಕ್ರಿಯಾಟಿನಿನ್ ರಕ್ತಪರೀಕ್ಷೆ ಕೇಳುತ್ತಾರೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ, ಮೊದಲು ಯಾವುದಾದರೂ ಅಲರ್ಜಿ ಆಗಿದ್ದರೆ ಹೇಳಿ. ಗಂಟು ಥೈರಾಯ್ಡಿನದಾದರೆ ಸಿಟಿಗೆ ಮುಂಚೆ ಡಾಕ್ಟರನ್ನು ಕೇಳಿಯೇ ಹೋಗಿ. ಕಾಂಟ್ರಾಸ್ಟಿನಲ್ಲಿ ಅಯೋಡಿನ್ ಇದೆ, ಮುಂದೆ ರೇಡಿಯೋ ಅಯೋಡಿನ್ ಚಿಕಿತ್ಸೆ ಬೇಕಾದರೆ ಅದು ಕೆಲವು ವಾರ ಮುಂದೂಡಬೇಕಾಗುತ್ತದೆ.

ಸೂಜಿ ಚುಚ್ಚಿದರೆ ಗಂಟು ಕೆರಳಿ ಮೈಯೆಲ್ಲ ಹರಡುತ್ತದಂತೆ?

ಈ ಭಯಕ್ಕೆ ಆಧಾರವಿಲ್ಲ. ಜನರನ್ನು ಆಸ್ಪತ್ರೆಯಿಂದ ದೂರವಿಟ್ಟ ನಂಬಿಕೆಗಳಲ್ಲಿ ಇದೇ ಮೊದಲನೆಯದು. ಎಫ್‌ಎನ್‌ಎಸಿ ಎಂಬ ಈ ಪರೀಕ್ಷೆಯಲ್ಲಿ ಬಳಸುವುದು 23ರಿಂದ 25 ಗೇಜಿನ ಸೂಜಿ, ರಕ್ತ ತೆಗೆಯುವ ಸೂಜಿಯಷ್ಟೇ ಅಥವಾ ಅದಕ್ಕಿಂತ ತೆಳ್ಳಗೆ. ಎರಡು ಮೂರು ಸಲ ಚುಚ್ಚುತ್ತಾರೆ, ಸಿಕ್ಕಿದ್ದನ್ನು ಗಾಜಿನ ಸ್ಲೈಡಿನ ಮೇಲೆ ಸವರುತ್ತಾರೆ. ಉಪವಾಸ ಬೇಡ, ಅಡ್ಮಿಟ್ ಬೇಡ. ಆಮೇಲೆ ಹತ್ತು ನಿಮಿಷ ಗಟ್ಟಿಯಾಗಿ ಒತ್ತಿಹಿಡಿದು ಮನೆಗೆ ಹೋಗಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ತಿಳಿಸಬೇಕು, ಆದರೆ ತಾವಾಗಿಯೇ ನಿಲ್ಲಿಸಬಾರದು. ಚಿಕ್ಕ ಗಂಟು, ಆಳದ ಗಂಟು, ಅರ್ಧ ನೀರು ಅರ್ಧ ಗಟ್ಟಿ ಇರುವ ಗಂಟು ಇವಕ್ಕೆ ಸೋನೋಗ್ರಫಿ ನೋಡಿಕೊಂಡು ಚುಚ್ಚಿಸಿ. ಕೈ ಅಂದಾಜಿನಲ್ಲಿ ಚುಚ್ಚಿದರೆ ಬರೀ ರಕ್ತವೋ ನೀರೋ ಬಂದು ಪರೀಕ್ಷೆ ವ್ಯರ್ಥವಾಗುವುದು ಇಂಥವುಗಳಲ್ಲೇ.

ಟಿಬಿ ಅನುಮಾನವಿದ್ದರೆ ಚುಚ್ಚುವ ಮುನ್ನವೇ ಹೇಳಿ: ಒಂದು ಪಾಲು ಸಿಬಿನ್ಯಾಟ್‌ಗೂ (ಟಿಬಿ ಕ್ರಿಮಿಯ ಜೀನ್ ಪರೀಕ್ಷೆ) ಕಲ್ಚರಿಗೂ (ಕ್ರಿಮಿಯನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು) ತೆಗೆದಿಡಿ ಎಂದು. ಆಗ ಇನ್ನೊಂದು ದಿನ ಇನ್ನೊಂದು ಚುಚ್ಚು ತಪ್ಪುತ್ತದೆ.

ರಿಪೋರ್ಟಿನಲ್ಲಿ ಬರೆದದ್ದು ಅರ್ಥವಾಗುತ್ತಿಲ್ಲ.

‘ಇನ್ ಅಡಿಕ್ವೇಟ್’ ಅಥವಾ ‘ನಾನ್ ಡಯಾಗ್ನೋಸ್ಟಿಕ್’ ಎಂದರೆ ಸಾಕಷ್ಟು ಕೋಶ ಸಿಕ್ಕಿಲ್ಲ. ಅದು ನಾರ್ಮಲ್ ಅಲ್ಲ, ಮತ್ತೆ ಮಾಡಿಸಬೇಕು. ಇದನ್ನೇ ‘ಏನೂ ಇಲ್ಲವಂತೆ’ ಎಂದುಕೊಂಡು ಆರು ತಿಂಗಳು ಸುಮ್ಮನಿರುವವರುಂಟು. ‘ರಿಯಾಕ್ಟಿವ್’ ಎಂದರೆ ಸೋಂಕಿಗೆ ಗ್ರಂಥಿ ಊದಿದೆ, ಇಳಿಯುತ್ತದೆಯೇ ನೋಡಬೇಕು. ‘ಗ್ರಾನುಲೋಮೇಟಸ್’ ಎಂದರೆ ನಮ್ಮಲ್ಲಿ ಹೆಚ್ಚಾಗಿ ಟಿಬಿ, ಆದರೆ ಟಿಬಿ ಒಂದೇ ಅಲ್ಲ. ‘ಅಟಿಪಿಕಲ್’, ‘ಸಸ್ಪಿಷಿಯಸ್’ ಎಂದರೆ ಮುಂದಿನ ಹೆಜ್ಜೆ ಆ ವಾರದಲ್ಲೇ.

ಥೈರಾಯ್ಡ್ ಗಂಟಿಗೆ ಬೆಥೆಸ್ಡಾ ಎಂದು 1ರಿಂದ 6ರ ತನಕ ಅಂಕ ಕೊಡುತ್ತಾರೆ. 1 ಎಂದರೆ ಮಾದರಿ ಸಾಲದು, 2 ಎಂದರೆ ನಿರಪಾಯ, 6 ಎಂದರೆ ಕ್ಯಾನ್ಸರ್. ನಡುವಿನ 3 ಮತ್ತು 4 ಗೊಂದಲದವು. ಸೂಜಿಯಿಂದ ತೀರ್ಮಾನವಾಗದ್ದಕ್ಕೆ ಮತ್ತೆ ಚುಚ್ಚುವುದೋ ಥೈರಾಯ್ಡಿನ ಅರ್ಧಭಾಗ ತೆಗೆದು ನೋಡುವುದೋ ಬೇಕಾಗುತ್ತದೆ. ಥೈರಾಯ್ಡ್ ಗಂಟಿಗೆ ಟಿಎಸ್‌ಎಚ್ ಎಂಬ ಹಾರ್ಮೋನಿನ ರಕ್ತಪರೀಕ್ಷೆಯೂ ಜೊತೆಗಿರಬೇಕು. ಟಿಎಸ್‌ಎಚ್ ನಾರ್ಮಲ್ ಬಂದರೆ ಗಂಟು ನಿರಪಾಯ ಎಂದು ಅರ್ಥವಲ್ಲ, ಹಾರ್ಮೋನು ಸರಿಯಿದೆ ಎಂದಷ್ಟೇ.

ಟಿಬಿ ಎಂದಿದ್ದಾರೆ. ರೂಮಿನಲ್ಲಿ ಆರು ಜನ ಇದ್ದೇವೆ, ಅವರಿಗೂ ಬರುತ್ತದೆಯೇ?

ಕುತ್ತಿಗೆಯ ಗ್ರಂಥಿಯ ಟಿಬಿ, ಹಿಂದಿನವರು ಗಂಡಮಾಲೆ ಎನ್ನುತ್ತಿದ್ದದ್ದು, ತಾನಾಗಿ ಇನ್ನೊಬ್ಬರಿಗೆ ಅಂಟುವುದಿಲ್ಲ. ಶ್ವಾಸಕೋಶದಲ್ಲೂ ಇದ್ದರೆ ಮಾತ್ರ ಅಂಟುತ್ತದೆ. ಅದಕ್ಕೇ ಎದೆಯ ಎಕ್ಸ್‌ರೇ ತಪ್ಪಿಸಬೇಡಿ. ತಟ್ಟೆ ಲೋಟ ಬೇರೆ ಮಾಡುವುದು, ಕೆಲಸ ಬಿಡಿಸುವುದು ಬೇಕಿಲ್ಲ. ಎಚ್‌ಐವಿ ಮತ್ತು ಸಕ್ಕರೆ ಪರೀಕ್ಷೆಯನ್ನೂ ಮಾಡುತ್ತಾರೆ, ಅದು ಎಲ್ಲ ಟಿಬಿ ರೋಗಿಗಳಿಗೂ ಇರುವ ಕ್ರಮ.

ಔಷಧಕ್ಕೆ ಬಗ್ಗುವ ಸಾಮಾನ್ಯ ಟಿಬಿಗೆ ಆರು ತಿಂಗಳ ಚಿಕಿತ್ಸೆ: ಮೊದಲ ಎರಡು ತಿಂಗಳು ನಾಲ್ಕು ಔಷಧ, ಆಮೇಲೆ ನಾಲ್ಕು ತಿಂಗಳು ಮೂರು. ಮಾತ್ರೆಯ ಸಂಖ್ಯೆ ತೂಕದ ಮೇಲೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಗಾಬರಿ ಬೇಡ. ಕಣ್ಣು ಹಳದಿಯಾದರೆ, ನಿಲ್ಲದ ವಾಂತಿಯಾದರೆ, ದೃಷ್ಟಿ ಮಸುಕಾದರೆ ಅದೇ ದಿನ ತೋರಿಸಿ. ಸರಕಾರಿ ಕೇಂದ್ರಗಳಲ್ಲಿ ಔಷಧ ಉಚಿತ. ನಿಕ್ಷಯ್ ಪೋಷಣ್ ಯೋಜನೆಯಡಿ ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ, 2024ರ ನವೆಂಬರಿಗೆ ಮುಂಚೆ ಅದು 500 ಇತ್ತು.

ಚಿಕಿತ್ಸೆಯ ನಡುವೆ ಗಂಟು ಇಳಿಯುವ ಬದಲು ಊದಬಹುದು, ಹೊಸದೂ ಕಾಣಬಹುದು. ಸಾಯುತ್ತಿರುವ ಕ್ರಿಮಿಗಳಿಗೆ ದೇಹ ತೋರಿಸುವ ಪ್ರತಿಕ್ರಿಯೆ ಇದಾಗಿರುವುದೂ ಉಂಟು, ಔಷಧಕ್ಕೆ ಬಗ್ಗದ ಟಿಬಿ ಆಗಿರುವುದೂ ಉಂಟು. ಮುಂಬಯಿಯಲ್ಲಿ ಎರಡನೆಯದನ್ನು ಮರೆಯುವ ಹಾಗಿಲ್ಲ. ಟಿಬಿ ಔಷಧಕ್ಕೆ ಬಗ್ಗುತ್ತದೆಯೇ ಎಂದು ತಿಳಿಸುವ ಸಿಬಿನ್ಯಾಟ್, ಕಲ್ಚರ್ ಮೊದಲೇ ಮಾಡಿಸಿ ಎಂದು ಒತ್ತಿ ಹೇಳುವುದು ಇದಕ್ಕೇ. ಮಾತ್ರೆ ನಿಲ್ಲಿಸದೆ ಡಾಕ್ಟರಿಗೆ ತೋರಿಸಿ.

ಊರಿಗೆ ಹೋಗಬೇಕಾದರೆ, ಟಿಬಿ ರೋಗಿಯ ನೋಂದಣಿಯ ನಿಕ್ಷಯ್ ಸಂಖ್ಯೆಯ ಮೂಲಕ ಚಿಕಿತ್ಸೆಯನ್ನು ಉಡುಪಿಗೋ ವಿಜಯಪುರಕ್ಕೋ ವರ್ಗಾಯಿಸಿಕೊಳ್ಳಬಹುದು. ಕೇಂದ್ರದಲ್ಲಿ ಹೇಳಿಯೇ ಹೊರಡಿ.

ಆಂಟಿಬಯೋಟಿಕ್ ಕೋರ್ಸ್ ಮಾಡಿ ನೋಡಿದರೆ ತಪ್ಪೇನು?

ಜ್ವರ, ಕೆಂಪು, ಬಿಸಿ, ಹಲ್ಲಿನ ಸೋಂಕು ಸ್ಪಷ್ಟವಾಗಿ ಇದ್ದರೆ ಡಾಕ್ಟರು ಒಂದು ಕೋರ್ಸ್ ಕೊಟ್ಟು ಎರಡು ವಾರದೊಳಗೆ ಮತ್ತೆ ನೋಡುವುದು ಸರಿ. ಆ ಲಕ್ಷಣಗಳಿಲ್ಲದೆ ಒಂದಾದ ಮೇಲೊಂದು ಕೋರ್ಸ್ ಕೊಡುವುದು ಕಾಲಹರಣ. ಲಿವೋಫ್ಲಾಕ್ಸಸಿನ್ ಗುಂಪಿನ ಔಷಧ ಟಿಬಿ ಕ್ರಿಮಿಯನ್ನು ಅರ್ಧಂಬರ್ಧ ಹತ್ತಿಕ್ಕುತ್ತದೆ, ಪರೀಕ್ಷೆಯಲ್ಲಿ ಟಿಬಿ ಸಿಗದೆ ಹೋಗಬಹುದು. ಸ್ಟೆರಾಯ್ಡ್ ಅದಕ್ಕಿಂತ ಕೆಟ್ಟದ್ದು. ಲಿಂಫೋಮಾ ಇದ್ದರೆ ಗಂಟು ಕೆಲವೇ ದಿನಗಳಲ್ಲಿ ಕರಗಿದಂತೆ ಕಾಣುತ್ತದೆ, ಬಯಾಪ್ಸಿಯಲ್ಲಿ ಏನೂ ಸಿಗುವುದಿಲ್ಲ, ಕಾಯಿಲೆ ಮಾತ್ರ ಒಳಗೇ ಇರುತ್ತದೆ. ಗಂಟಿಗೆಂದು ಕೊಟ್ಟ ಚೀಟಿಯಲ್ಲಿ ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್ ಎಂದಿದ್ದರೆ ಏಕೆಂದು ಕೇಳಿ.

ಸುಣ್ಣ ಬೆಲ್ಲ ಹಚ್ಚುವುದು, ಬರೆ ಹಾಕುವುದು ಬೇಡವೇ ಬೇಡ. ಸುಟ್ಟ ಚರ್ಮದ ಮೇಲೆ ಸೂಜಿ ಪರೀಕ್ಷೆಯೂ ಕಷ್ಟ, ಆಪರೇಷನ್ನೂ ಕಷ್ಟ.

ಪೂರ್ತಿ ತೆಗೆಸಿಬಿಟ್ಟರೆ ಒಂದೇ ಸಲಕ್ಕೆ ಮುಗಿಯುತ್ತದಲ್ಲ?

ಬಾಯಿ, ಗಂಟಲಿನ ಕ್ಯಾನ್ಸರ್ ಹರಡಿದ ಗಂಟನ್ನು ಮೊದಲೇ ಕತ್ತರಿಸಿ ತೆಗೆದರೆ, ಮುಂದೆ ಕುತ್ತಿಗೆಯ ಗ್ರಂಥಿಗಳನ್ನೆಲ್ಲ ಕ್ರಮವಾಗಿ ತೆಗೆಯುವ ದೊಡ್ಡ ಆಪರೇಷನ್ ಜಟಿಲವಾಗುತ್ತದೆ. ಗಾಯದ ಅಂಟು, ಹಾಳಾದ ಪದರಗಳ ನಡುವೆ ಕೆಲಸ ಮಾಡಬೇಕಾಗುತ್ತದೆ. ಅದಕ್ಕೇ ಸೂಜಿ ಮೊದಲು, ಸಾಲದಿದ್ದರೆ ಸ್ವಲ್ಪ ದಪ್ಪ ಸೂಜಿಯ ಕೋರ್ ಬಯಾಪ್ಸಿ, ಗ್ರಂಥಿ ತೆಗೆಯುವುದು ಕೊನೆಗೆ. ಲಿಂಫೋಮಾ ಅನುಮಾನವಿದ್ದಾಗ ಮಾತ್ರ ಇಡೀ ಗ್ರಂಥಿ ಬೇಕೆನ್ನುವುದು ಸಾಮಾನ್ಯ, ಅದರ ಬಗೆ ಗುರುತಿಸಲು ಕೋಶಗಳ ಜೋಡಣೆ ಕಾಣಬೇಕು.

ಗ್ರಂಥಿ ತೆಗೆಸುವುದಾದರೆ ಬಾಟಲಿಗಳ ಮೇಲೆ ಕಣ್ಣಿಡಿ. ಇಲ್ಲಿ ಎಷ್ಟೋ ಕಡೆ ಅದನ್ನು ಲ್ಯಾಬಿಗೆ ಒಯ್ಯುವುದು ಮನೆಯವರೇ. ಬಯಾಪ್ಸಿಯ ತುಕಡಾ ಫಾರ್ಮಲಿನ್‌ನಲ್ಲಿರಬೇಕು. ಟಿಬಿ ಕಲ್ಚರಿಗೆ ಹೋಗುವುದು ಫಾರ್ಮಲಿನ್ ಇಲ್ಲದ ನಾರ್ಮಲ್ ಸಲೈನಿನಲ್ಲಿ, ಬೇರೆ ಬಾಟಲಿಯಲ್ಲಿ ಇರಬೇಕು. ಫಾರ್ಮಲಿನ್ ಕ್ರಿಮಿಯನ್ನು ಕೊಲ್ಲುತ್ತದೆ, ಕಲ್ಚರಿನಲ್ಲಿ ಬೆಳೆಯಲು ಏನೂ ಉಳಿಯುವುದಿಲ್ಲ. ಎರಡೂ ಬಾಟಲಿಯ ಮೇಲೆ ಹೆಸರು, ಯಾವ ಬದಿಯ ಗಂಟು ಎಂಬುದು ಬರೆದಿದೆಯೇ ನೋಡಿ, ಸಲೈನಿನದನ್ನು ಅದೇ ದಿನ ತಲುಪಿಸಿ.

ಮಗುವಿನ ಕುತ್ತಿಗೆಯಲ್ಲಿ ಸಣ್ಣ ಸಣ್ಣ ಗಂಟುಗಳಿವೆ.

ಕಡಲೆಕಾಳಿನಷ್ಟು, ಒಂದು ಸೆಂಟಿಮೀಟರಿಗಿಂತ ಚಿಕ್ಕ, ಜಾರುವ ಗಂಟುಗಳು ಶಾಲೆಗೆ ಹೋಗುವ ಮಕ್ಕಳಲ್ಲಿ ಸಾಮಾನ್ಯ. ತಲೆಯಲ್ಲಿ ಹೇನು, ಹುಣ್ಣು, ಹುಳುಕು ಹಲ್ಲು ನೋಡಿ. ಎರಡು ಸೆಂಟಿಮೀಟರ್ ದಾಟಿದ, ಗಟ್ಟಿಯಾದ, ನಾಲ್ಕರಿಂದ ಆರು ವಾರವಾದರೂ ಇಳಿಯದ, ಜ್ವರ ಅಥವಾ ತೂಕ ಇಳಿತದ ಜೊತೆಗಿರುವ, ಕಾಲರ್ ಮೂಳೆಯ ಮೇಲಿರುವ ಗಂಟಾದರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಖರ್ಚು? ಯೋಜನೆಯ ಕಾರ್ಡ್ ನಡೆಯುತ್ತದೆಯೇ?

ಆಯುಷ್ಮಾನ್ ಭಾರತ್, ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಎರಡೂ ಮುಖ್ಯವಾಗಿ ಅಡ್ಮಿಟ್ ಆಗಿ ಪಡೆಯುವ ಚಿಕಿತ್ಸೆಗೆ. ಓಪಿಡಿಯ ಸೋನೋಗ್ರಫಿ, ಸೂಜಿ ಪರೀಕ್ಷೆ ಕೈಯಿಂದಲೇ ಹೋಗುತ್ತದೆ. ಪಾಲಿಕೆ ಆಸ್ಪತ್ರೆಯಲ್ಲಿ ಅದು ಖಾಸಗಿಗಿಂತ ತುಂಬ ಕಡಿಮೆ. ಫುಲೆ ಯೋಜನೆಗೆ ಸಾಮಾನ್ಯವಾಗಿ ಮಹಾರಾಷ್ಟ್ರದ ರೇಷನ್ ಕಾರ್ಡ್ ಕೇಳುತ್ತಾರೆ. ರೇಷನ್ ಕಾರ್ಡ್ ಇನ್ನೂ ಊರಿನಲ್ಲೇ ಇರುವವರು ತಮ್ಮ ಆಯುಷ್ಮಾನ್ ಕಾರ್ಡ್ ಇಲ್ಲಿ ನಡೆಯುತ್ತದೆಯೇ ಎಂದು ಅಡ್ಮಿಟ್ ಆಗುವ ಮುನ್ನವೇ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಕೇಳಬೇಕು, ಆಪರೇಷನ್ ಆದಮೇಲೆ ಅಲ್ಲ.

ಊರಿಗೇ ಹೋಗಿ ತೋರಿಸಿದರೆ?

ನೋಡಿಕೊಳ್ಳುವವರು ಅಲ್ಲಿದ್ದರೆ ಅದೂ ಸರಿಯಾದ ಯೋಚನೆಯೇ. ಮಣಿಪಾಲದ ಕೆಎಂಸಿ, ಬೆಂಗಳೂರಿನ ಕಿದ್ವಾಯಿ ಇವು ಈ ಕೆಲಸಕ್ಕೆ ಸಜ್ಜಾದ ಜಾಗಗಳು. ಆದರೆ ಪರೀಕ್ಷೆ ಅರ್ಧ ಇಲ್ಲಿ, ಅರ್ಧ ಅಲ್ಲಿ ಮಾಡಬೇಡಿ. ಸ್ಲೈಡ್, ಬ್ಲಾಕ್, ಸ್ಕ್ಯಾನಿನ ಸಿಡಿ ಕೈಯಲ್ಲಿದ್ದರೆ ಅಲ್ಲಿ ಮೊದಲಿನಿಂದ ಶುರುಮಾಡಬೇಕಾಗುವುದಿಲ್ಲ. ಜಾತ್ರೆಗೋ ಮದುವೆಗೋ ಊರಿಗೆ ಹೋದಾಗ ನೋಡೋಣ ಎಂದು ಮುಂದೂಡುವುದು ಬೇರೆ ಮಾತು, ಅದು ಬೇಡ.

ಯಾವಾಗ ಓಪಿಡಿಗೆ ಕಾಯದೆ ಕ್ಯಾಜುವಲ್ಟಿಗೆ ಓಡಬೇಕು?

ಉಸಿರಾಡುವಾಗ ಸೀಟಿಯಂಥ ಸದ್ದು, ಎಂಜಲೂ ನುಂಗಲಾಗದೆ ಬಾಯಿಂದ ಸೋರುವುದು, ಹಲ್ಲುನೋವಿನ ನಂತರ ಗದ್ದದ ಕೆಳಗೆ ಹಲಗೆಯಂತೆ ಗಟ್ಟಿಯಾಗಿ ಊದಿ ನಾಲಿಗೆ ಮೇಲೆದ್ದಿರುವುದು, ಗಂಟು ಕೆಲವೇ ಗಂಟೆಗಳಲ್ಲಿ ದೊಡ್ಡದಾಗುವುದು, ಗಾಯದಿಂದ ರಕ್ತ ಚಿಮ್ಮುವುದು. ರಾತ್ರಿ ಎರಡಾದರೂ ಹೊರಡಿ, 108ಕ್ಕೆ ಕರೆ ಮಾಡಿ. ರೋಗಿಯನ್ನು ಮಲಗಿಸಬೇಡಿ, ಕೂರಿಸಿಕೊಂಡೇ ಒಯ್ಯಿರಿ.

ಎಲ್ಲ ರಿಪೋರ್ಟೂ ನಾರ್ಮಲ್, ಗಂಟು ಮಾತ್ರ ಹಾಗೇ ಇದೆ. ಬಿಟ್ಟುಬಿಡಬಹುದೇ?

ಮುಂದೆ ಯಾವ ದಿನ ಬರಬೇಕೆಂದು ಡಾಕ್ಟರಿಂದ ಬರೆಸಿಕೊಂಡೇ ಹೊರಬನ್ನಿ. ಮನೆಯಲ್ಲಿ ಹದಿನೈದು ದಿನಕ್ಕೊಮ್ಮೆ ಒಂದೇ ಬೆಳಕಿನಲ್ಲಿ, ಪಕ್ಕದಲ್ಲಿ ಸ್ಕೇಲ್ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಬೆಳೆದರೆ, ಇನ್ನೊಂದು ಗಂಟು ಕಂಡರೆ, ದನಿ ಒಡೆದು ಮೂರು ವಾರವಾದರೆ ಗೊತ್ತುಮಾಡಿದ ದಿನಕ್ಕೆ ಕಾಯಬೇಡಿ. ಸೂಜಿಯ ರಿಪೋರ್ಟ್ ನಿರಪಾಯ ಎಂದರೂ ಕೈಗೆ ಸಿಗುವ ಗಂಟು ಗಟ್ಟಿಯಾಗಿ ಬೆಳೆಯುತ್ತಿದ್ದರೆ ಸೂಜಿ ಸರಿಯಾದ ಜಾಗಕ್ಕೆ ತಗಲಿಲ್ಲವೆಂದೇ ತಿಳಿದು ಮತ್ತೊಮ್ಮೆ, ಈ ಸಲ ಸೋನೋಗ್ರಫಿ ನೋಡಿಕೊಂಡು, ಮಾಡಿಸಿ.